ಹಸಿರು ಬಾಗಿಲಿನ ಗಾಡಿ

ನಾಗಣಸೂರಿನ ಗುರುಶಾಂತನಿಗೆ ಈ ಜಗತ್ತಿನಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ, ಸಡ್ಡಕ ಲಕ್ಷ್ಮೀಕಾಂತನೊಬ್ಬನನ್ನು ಬಿಟ್ಟು. ಊರಲ್ಲಿ ಯಾರದಾದರೂ ಬೋರಿಗೆ ನೀರು ಬಿದ್ದರೆ ತಾನೇ ಹೋಗಿ ಒಂದು ಬೊಗಸೆ ಕುಡಿದು ಹೊಗಳಿ ಬರುತ್ತಿದ್ದ. ಆದರೆ ಅಕ್ಕಲಕೋಟದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಲಕ್ಷ್ಮೀಕಾಂತ ಹೊಸ ಅಂಗಿ ತೊಟ್ಟ ಸುದ್ದಿ ಬಂದರೂ ಸಾಕು, ಅಂದು ಅವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಬ್ಬರೂ ವಾಗದರಿಯ ಕುರಿಗಾರ ಅಣ್ಣಾರಾಯನ ಅಳಿಯಂದಿರು. ಗುರುಶಾಂತ ಹಿರಿಯ ಮಗಳು ನಂದಾಳ ಗಂಡ, ಲಕ್ಷ್ಮೀಕಾಂತ ಕಿರಿಯಳು ಸಾರಿಕಾಳ ಗಂಡ. ಹಿರಿಯ ಅಳಿಯ ಎಂಬ ಪದವಿ ಗುರುಶಾಂತನದೇ. ಆದರೆ ಪದವಿಗೆ ನಾಲ್ಕು ಗಾಲಿ ಇರುವುದಿಲ್ಲ. ಲಕ್ಷ್ಮೀಕಾಂತನಿಗೆ ಇದ್ದವು.

ಹೋದ ದೀಪಾವಳಿಗೆ ಲಕ್ಷ್ಮೀಕಾಂತ ಹೊಚ್ಚ ಹೊಸ ಬಿಳಿ ಪಿಕಪ್ ತಂದಿದ್ದ. ಅಂದಿನಿಂದ ಮಾವನ ಮನೆಯ ಸಕಲ ಕಾರ್ಯಗಳಿಗೂ ಅದೇ ಗಾಡಿ. ಮುಂದಿನ ಸೀಟಿನಲ್ಲಿ ಪಟಗಾ ಸುತ್ತಿದ ಮಾವ ಅಣ್ಣಾರಾಯ, ಹಿಂದಿನ ಬಯಲಿನಲ್ಲಿ ಹೆಂಗಸರು, ಮಕ್ಕಳು, ಅಕ್ಕಿಯ ಚೀಲ ಮತ್ತು ಗುರುಶಾಂತ. ಒಂದು ಸಲ ಬೀರೋಬಾನ ಗುಡಿಗೆ ಹೋಗುವಾಗ ಅವನ ತೊಡೆಯ ಮೇಲೆ ಒಂದು ಟಗರನ್ನೂ ಕೂಡಿಸಿದ್ದರು. ರಸ್ತೆಯಲ್ಲಿ ತಗ್ಗು ಬಂದಾಗ ಲಕ್ಷ್ಮೀಕಾಂತ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಗುರುಶಾಂತಣ್ಣಾ, ಗಟ್ಟಿ ಹಿಡಕೋರಿ" ಎಂದು ಕೂಗಿದ್ದ. ಟಗರನ್ನು ಹಿಡಿಯಬೇಕೋ ಗಾಡಿಯನ್ನು ಹಿಡಿಯಬೇಕೋ ಹೇಳಿರಲಿಲ್ಲ. ಹೆಂಗಸರು ನಕ್ಕಿದ್ದರು. ಗುರುಶಾಂತ ಅಂದೇ ನಿಶ್ಚಯಿಸಿದ: ಮಾವನನ್ನು ಒಂದು ಸಲವಾದರೂ ತನ್ನ ಗಾಡಿಯ ಮುಂದಿನ ಸೀಟಿನಲ್ಲಿ ಕೂಡಿಸದಿದ್ದರೆ ತಾನು ಹಿರಿಯ ಅಳಿಯನೇ ಅಲ್ಲ.

ಅವಕಾಶವೂ ಬಂತು. ಅಣ್ಣಾರಾಯನ ಒಬ್ಬನೇ ಮಗ ಅಮೋಲನಿಗೆ ಸೊಲ್ಲಾಪುರದ ಹೆಣ್ಣು ಗೊತ್ತಾಗಿ ಸಾಖರಪುಡಾ, ಅಂದರೆ ನಿಶ್ಚಯದ ಕಾರ್ಯ, ಹೋಟಗಿ ರೋಡಿನ ಮಂಗಲ ಕಾರ್ಯಾಲಯವೆಂಬ ಕಲ್ಯಾಣ ಮಂಟಪದಲ್ಲಿ ಎಂದು ತೀರ್ಮಾನವಾಯಿತು. ಹದಿನೈದು ದಿನ ಉಳಿದಿತ್ತು. ಗುರುಶಾಂತನ ಹತ್ತಿರ ಕುರಿ ಮಾರಿದ್ದು, ಟ್ರ್ಯಾಕ್ಟರ್ ಹೊಡೆದು ಉಳಿಸಿದ್ದು ಎಲ್ಲ ಸೇರಿ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ ಇತ್ತು. ನಂದಾ ಅದರಲ್ಲಿ ಮನೆಗೆ ತಗಡಿನ ಪತ್ರಾ ಹೊದಿಸಬೇಕೆಂದಿದ್ದಳು.

"ಅಲ್ರಿ, ಹೊಟ್ಟಿ ಉರಕೊಳ್ಳಾಕ ಎರಡು ಲಕ್ಷ ಯಾಕ ಬೇಕು? ಇಷ್ಟ ದಿನ ಪುಕಟನ ಉರಕೊಂಡೀರಲ್ಲ" ಎಂದಳು ಅವಳು.

ಗುರುಶಾಂತ ಮರುದಿನ ಬೆಳಗಿನ ಬಸ್ಸಿಗೆ ಸೊಲ್ಲಾಪುರಕ್ಕೆ ಹೋದ.

ಅಕ್ಕಲಕೋಟ ರೋಡಿನ ಪಕ್ಕದಲ್ಲಿ ಸಿದ್ದೇಶ್ವರ ಶೇಟ ಎಂಬ ದಲಾಲನ ಹಳೆಯ ಗಾಡಿಗಳ ಅಂಗಳವಿತ್ತು. ಎರಡು ಲಕ್ಷದೊಳಗೆ ಎಂದ ಕೂಡಲೇ ಶೇಟ ಅವನನ್ನು ಮುಂದಿನ ಸಾಲು, ನಡುವಿನ ಸಾಲು ದಾಟಿಸಿ, ಗೋಡೆಯ ಬುಡಕ್ಕೆ ಕರೆದೊಯ್ದು ನಿಲ್ಲಿಸಿದ. ಅಲ್ಲಿ ಒಂದು ಪಿಕಪ್ ಇತ್ತು. ಒಂದು ಕಾಲಕ್ಕೆ ಬಿಳಿಯದಾಗಿತ್ತು. ಎಡಗಡೆಯ ಬಾಗಿಲು ಮಾತ್ರ ಗಿಳಿಹಸಿರು, ಬೇರೆ ಯಾವುದೋ ಗಾಡಿಯಿಂದ ತಂದು ಜೋಡಿಸಿದ್ದು. ಒಳಗಿನ ಕನ್ನಡಿಗೆ ಹಿತ್ತಾಳೆಯ ಒಂದು ಕುರಿಗಂಟೆ ಕಟ್ಟಿತ್ತು. ಎಷ್ಟು ಓಡಿದೆ ಎಂದು ಕೇಳಿದ್ದಕ್ಕೆ ಶೇಟ ಸಂಕೋಚವಿಲ್ಲದೆ ಮೂರು ಲಕ್ಷ ತೊಂಬತ್ತು ಸಾವಿರ ಕಿಲೋಮೀಟರ್ ಎಂದ. ದಾರಿ ಎಲ್ಲ ಅದಕ್ಕೇ ಗೊತ್ತಿದೆ, ನೀವು ಸುಮ್ಮನೆ ಮೇಲೆ ಕೂತರೆ ಸಾಕು ಎಂದೂ ಸೇರಿಸಿದ.

ಗುರುಶಾಂತ ಟ್ರ್ಯಾಕ್ಟರ್ ಹೊಡೆಯಬಲ್ಲವನೇ ಹೊರತು ಗಾಡಿ ಕೊಂಡವನಲ್ಲ. ಕೊಂಡದ್ದೆಲ್ಲ ಟಗರು. ಆದ್ದರಿಂದ ಟಗರಿನ ಪರೀಕ್ಷೆಯನ್ನೇ ನಡೆಸಿದ. ಬಾನೆಟ್ ಎತ್ತಿ, ತುಟಿ ಬಿಡಿಸಿ ಹಲ್ಲು ನೋಡುವಂತೆ ಒಳಗೆ ನೋಡಿದ. ಪಕ್ಕೆಗೆ ಅಂಗೈಯಿಂದ ಬಡಿದ. ಶೇಟನ ಕಡೆಯಿಂದ ನಾಲ್ಕು ಮಾರು ನಡೆಸಿ, ಹಿಂದೆ ನಿಂತು ಕುಂಟುತ್ತದೋ ಎಂದು ಗಮನಿಸಿದ. ಕೊನೆಗೆ ಹೆಗಲ ಮೇಲಿನ ಟವೆಲ್ ತೆಗೆದು ಶೇಟನ ಕೈಯ ಮೇಲೆ ಹಾಕಿ, ಅದರ ಕೆಳಗೆ ಕೈ ತೂರಿಸಿ ಬೆರಳು ಹಿಡಿದ. ಸಂತೆಯಲ್ಲಿ ಕುರಿಯ ವ್ಯಾಪಾರ ಹೀಗೇ. ಬಾಯಿಂದ ಬೆಲೆ ಆಡುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಒತ್ತಿ ಹೇಳುತ್ತಾರೆ. ಒಪ್ಪಿಗೆ ಇಲ್ಲದವನು ಕೈ ಕೊಸರುತ್ತಾನೆ.

ಶೇಟನಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ತನಗೆ ಕಚಗುಳಿ ಬಹಳ ಎಂಬುದೊಂದೇ. ಗುರುಶಾಂತ ಬೆರಳು ಒತ್ತಿದಂತೆಲ್ಲ ಅವನು ಕೈ ಕೊಸರಿದ. ಅವನು ಕೊಸರಿದಂತೆಲ್ಲ ಗುರುಶಾಂತ, ಭಲೆ ಗಟ್ಟಿ ಆಸಾಮಿ ಎಂದುಕೊಂಡು ಬೆಲೆ ಏರಿಸಿದ. ಹೀಗೆ ತನ್ನೊಂದಿಗೆ ತಾನೇ ಚೌಕಾಸಿ ಮಾಡಿಕೊಂಡು, ಒಂದೂವರೆ ಲಕ್ಷದಿಂದ ಒಂದು ತೊಂಬತ್ತಕ್ಕೆ ಏರಿ, ಅಲ್ಲಿ ಗೆದ್ದವನಂತೆ ಉಸಿರು ಬಿಟ್ಟ. ಬಾಯಿಬಿಟ್ಟು ಮೊತ್ತ ಹೇಳಿದಾಗ ಶೇಟ ಕೂಡಲೇ ಚಹಾ ತರಿಸಿದ.

ಒಂದು ವಿಷಯದಲ್ಲಿ ಮಾತ್ರ ಗುರುಶಾಂತ ತಿಳಿದೂ ತಪ್ಪಿದ. ಕುರಿಗಾರರಲ್ಲಿ ಒಂದು ರೀತಿ ಇದೆ. ಟಗರು ಮಾರಿದವನು ಅದರ ಕೊರಳಿನ ಗಂಟೆಯನ್ನು ಬಿಚ್ಚಿಕೊಳ್ಳಬೇಕು. ಗಂಟೆಯೊಂದಿಗೆ ಮಾರಿದರೆ ಟಗರು ಹಳೆಯ ದೊಡ್ಡಿಯನ್ನು ಮರೆಯುವುದಿಲ್ಲ, ಕೊಂಡವನಿಗೆ ಒಗ್ಗುವುದಿಲ್ಲ. ಕನ್ನಡಿಯ ಗಂಟೆ ಕಂಡಾಗ ಅವನಿಗೆ ಇದು ನೆನಪಾಗದೆ ಇರಲಿಲ್ಲ. ಆದರೆ ಲಕ್ಷ್ಮೀಕಾಂತನ ಗಾಡಿಗೆ ಗಂಟೆ ಇಲ್ಲ ಎಂಬುದು ಅದಕ್ಕಿಂತ ಮೊದಲು ನೆನಪಾಯಿತು. ಗಂಟೆ ಗಾಡಿಯಲ್ಲೇ ಉಳಿಯಿತು.

ಊರಿಗೆ ಹೊರಟ ಗಾಡಿ ಹತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಅವನಿಗೆ ಒಂದು ವಿಚಿತ್ರ ಕಾಣಿಸಿತು. ರಸ್ತೆಯ ಜನರೆಲ್ಲ ತನಗೆ ಕೈ ಎತ್ತುತ್ತಿದ್ದಾರೆ. ಗ್ಯಾರೇಜಿನವನು ಕೈ ಎತ್ತಿದ. ಕಬ್ಬಿನ ಗಾಡಿಯವನು ಕೈ ಎತ್ತಿದ. ಅಕ್ಕಲಕೋಟ ಇನ್ನೂ ಸ್ವಲ್ಪ ದೂರ ಇರುವಾಗ ಕಲ್ಲಣ್ಣನ ಚಹಾದ ಹೋಟೆಲು. ಕಲ್ಲಣ್ಣ ಗಂಟೆಯ ಸದ್ದು ಕೇಳಿದವನೇ ಗ್ಲಾಸು ಹಿಡಿದು ರಸ್ತೆಗೇ ಬಂದ. ಒಳಗೆ ಇಣುಕಿ ನೋಡಿ ಅವನ ಮುಖ ಇಳಿಯಿತು.

"ಬಸಣ್ಣ ಕಾಕಾ ಎಲ್ಲಿ? ಡ್ರೈವರ್ ಇಟ್ಟಾರೇನು?" ಎಂದ.

ಹಾಗೆ ಬಸಣ್ಣನೆಂಬ ಹೆಸರು ಗುರುಶಾಂತನ ಬಾಳಿಗೆ ಬಂತು. ಗಾಡಿಯ ಹಿಂದಿನ ಯಜಮಾನ, ವಳಸಂಗದವನು. ಹದಿನಾಲ್ಕು ವರ್ಷ ಇದೇ ರಸ್ತೆಯ ಮೇಲೆ ಹಳ್ಳಿಯ ಹೆಂಗಸರು ಬಡಿದ ಕಡಕ ರೊಟ್ಟಿಯನ್ನು ಸೊಲ್ಲಾಪುರದ ಅಂಗಡಿಗಳಿಗೆ ಮುಟ್ಟಿಸಿದವನು. ದಾರಿಯಲ್ಲಿ ಬಸುರಿಯರನ್ನು ದವಾಖಾನೆಗೆ, ಮುದುಕರನ್ನು ಸಂತೆಗೆ, ಪರೀಕ್ಷೆಯ ಮಕ್ಕಳನ್ನು ಶಾಲೆಗೆ ಸಾಗಿಸಿದವನು. ಮುಂದಿನ ಎಂಟು ದಿನ ಗುರುಶಾಂತ ಗಾಡಿ ಹೊರಗೆ ತೆಗೆದಾಗಲೆಲ್ಲ ಬಸಣ್ಣನ ಕ್ಷೇಮವನ್ನು ಯಾರಾದರೂ ವಿಚಾರಿಸಿದರು. ತನ್ನ ಕ್ಷೇಮ ಯಾರೂ ವಿಚಾರಿಸಲಿಲ್ಲ. ತನ್ನ ದುಡ್ಡು, ತನ್ನ ಡೀಸೆಲ್, ಸಲಾಮು ಮಾತ್ರ ಬಸಣ್ಣನಿಗೆ. ಕಣ್ಣಿಂದ ಕೂಡ ಕಾಣದ ಆ ಮನುಷ್ಯನ ಮೇಲೆ ಗುರುಶಾಂತನ ಹೊಟ್ಟೆ ಎಷ್ಟು ಉರಿಯಿತೆಂದರೆ, ಒಂದೆರಡು ದಿನ ಲಕ್ಷ್ಮೀಕಾಂತನ ನೆನಪೇ ಆಗಲಿಲ್ಲ.

ಇಷ್ಟರಲ್ಲಿ ಅವನು ಒಂದು ಸುಳ್ಳು ಹೇಳಿ ಆಗಿತ್ತು. ಊರಲ್ಲೂ ಮಾವನ ಮನೆಯಲ್ಲೂ, ಇದು ಸೊಲ್ಲಾಪುರದ ಒಬ್ಬ ಕಣ್ಣಿನ ಡಾಕ್ಟರರ ಗಾಡಿ, ಸೋಮವಾರ ಗುಡಿಗೆ ಹೋಗಲು ಮಾತ್ರ ತೆಗೆಯುತ್ತಿದ್ದರು, ಓಡಿದ್ದು ಬರೇ ಮೂವತ್ತೊಂಬತ್ತು ಸಾವಿರ ಎಂದಿದ್ದ. ಒಂದು ಸೊನ್ನೆಯನ್ನಷ್ಟೇ ಬಿಟ್ಟದ್ದರಿಂದ ಅದು ಪೂರ್ತಿ ಸುಳ್ಳಲ್ಲವೆಂದು ಅವನ ಸಮಾಧಾನ. ಬಾಗಿಲು ಯಾಕೆ ಹಸಿರು ಎಂದು ಲಕ್ಷ್ಮೀಕಾಂತ ಕೇಳಿದಾಗ, ಹಸಿರು ನೋಡಿದರೆ ಕಣ್ಣಿಗೆ ತಂಪು, ಡಾಕ್ಟರರು ತಿಳಿದೇ ಮಾಡಿಸಿದ್ದಾರೆ ಎಂದ. ಮೀಟರಿನ ಮೇಲೆ ಬೀರೋಬಾನ ಫೋಟೊ ಅಂಟಿಸಿ, ಅರಿಶಿನದ ಭಂಡಾರ ಬಡಿದು, ಕೈಮುಗಿದ. ದೇವರನ್ನು ಸರಿಸಿ ಕಿಲೋಮೀಟರ್ ನೋಡುವ ಧೈರ್ಯ ಆ ಬಳಗದಲ್ಲಿ ಯಾರಿಗೂ ಇರಲಿಲ್ಲ.

ಆದರೆ ಸಾಖರಪುಡಾಕ್ಕೆ ಹೋಗುವ ದಾರಿ ಅದೇ ರಸ್ತೆ. ಮುಂದಿನ ಸೀಟಿನಲ್ಲಿ ಮಾವ ಕೂತಿರುವಾಗ ಯಾರಾದರೂ ಬಸಣ್ಣ ಎಂದರೆ ಡಾಕ್ಟರರು ಮುಗಿದಂತೆ, ಹಿರಿಯ ಅಳಿಯನೂ ಮುಗಿದಂತೆ. ಗುರುಶಾಂತ ಆಲೋಚಿಸಿ, ಹಸಿರು ಬಾಗಿಲು ಮುಚ್ಚುವಂತೆ ತನ್ನ ಕರಿ ಕಂಬಳಿಯನ್ನು ಹೊರಗಡೆ ಇಳಿಬಿಟ್ಟ. ಗಂಟೆಯ ನಾಲಗೆಗೆ ಚಿಂದಿ ಸುತ್ತಿದ.

ಕಾರ್ಯದ ದಿನ ವಾಗದರಿಯಲ್ಲಿ ಎರಡೂ ಗಾಡಿ ಬಾಗಿಲಿಗೆ ಬಂದವು. ಲಕ್ಷ್ಮೀಕಾಂತನ ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಹತ್ತುವವರು ಚಪ್ಪಲಿ ಕೈಯಲ್ಲಿ ಹಿಡಿಯಬೇಕೆಂದು ಅವನ ನಿಯಮ. ಅಣ್ಣಾರಾಯ ಆರು ತಿಂಗಳಿಂದ ಆ ಪ್ಲಾಸ್ಟಿಕ್ಕಿನ ಮೇಲೆ ರೇಷ್ಮೆ ಧೋತರ ಉಟ್ಟು ಕೂತು, ಬ್ರೇಕು ಹಾಕಿದಾಗಲೆಲ್ಲ ಜಾರಿ ಕಾಲಡಿಗೆ ಹೋಗಿ ಬೇಸತ್ತಿದ್ದ. "ಇವತ್ತ ಹಿರೇ ಅಳಿಯನ ಗಾಡ್ಯಾಗ ಕೂಡ್ತೀನಿ" ಎಂದು ಕಂಬಳಿ ಎತ್ತಿ ಒಳಗೆ ಬಂದ. ಗುರುಶಾಂತನಿಗೆ ಗಾಡಿ ಚಾಲೂ ಮಾಡುವುದೇ ಮರೆತುಹೋಯಿತು. ಹೆಂಗಸರು, ಅಮೋಲ, ಸಕ್ಕರೆಯ ಪುಡಿಕೆಗಳ ಬುಟ್ಟಿ ಎಲ್ಲ ಲಕ್ಷ್ಮೀಕಾಂತನ ಗಾಡಿಗೆ ಹೋದವು. ಅವನ ಮುಖ ಪ್ಲಾಸ್ಟಿಕ್ಕಿಗಿಂತ ಬಿಗಿಯಾಗಿತ್ತು.

ಊರು ದಾಟುವ ಮೊದಲೇ ಅಣ್ಣಾರಾಯನ ಕಣ್ಣು ಕನ್ನಡಿಯ ಕಡೆ ಹೋಯಿತು. "ಗಂಟಿ ಬಾಯಿ ಯಾಕ ಕಟ್ಟೀದಿ? ಕುರಿ ಕಟ್ಟಿದ ಮನಿತನ ನಮ್ಮದು" ಎಂದು ಚಿಂದಿ ಬಿಚ್ಚಿ ಕಿಟಕಿಯಿಂದ ಹೊರಗೆ ಎಸೆದ. ಗಂಟೆ ಬಾಯಿ ಕಟ್ಟಿದ್ದ ದಿನಗಳ ಬಾಕಿ ತೀರಿಸುವಂತೆ ಬಾರಿಸತೊಡಗಿತು.

ಅಕ್ಕಲಕೋಟ ದಾಟಿ ಕಲ್ಲಣ್ಣನ ಹೋಟೆಲು ಬಂತು. ಗಂಟೆ ಕೇಳಿ ಕಲ್ಲಣ್ಣ ಎರಡು ಗ್ಲಾಸು ಚಹಾ ಹಿಡಿದು ಓಡಿಬಂದ. ದುಡ್ಡು ಮುಟ್ಟಲಿಲ್ಲ. ಹೊರಡುವಾಗ, ಬಸಣ್ಣ ಕಾಕಾಗೆ ನಮಸ್ಕಾರ ಹೇಳಿ ಎಂದ. ಯಾವ ಬಸಣ್ಣ ಎಂದು ಮಾವ ಕೇಳಿದ. ಗುರುಶಾಂತ ಗೇರು ಬದಲಿಸುತ್ತ, ಅದೇ ಕಣ್ಣಿನ ಡಾಕ್ಟರರ ಹೆಸರು ಎಂದ.

ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಆಸರೆ ಕೊಟ್ಟಿತೆಂದರೆ ಸ್ವಲ್ಪ ದೂರ ನಡೆಯುತ್ತದೆ. ನಾಕಾದಲ್ಲಿ ಎಲ್ಲ ಗಾಡಿ ನಿಲ್ಲಿಸುತ್ತಿದ್ದ ಹವಾಲ್ದಾರ ಗಂಟೆಯ ಸದ್ದು ಕೇಳಿ, ಬಸಣ್ಣನ ಗಾಡಿ ಬಿಡ್ರಿ ಎಂದು ಕೈ ಬೀಸಿ, ಹಿಂದಿದ್ದ ಲಕ್ಷ್ಮೀಕಾಂತನನ್ನು ಹಿಡಿದು ಕಾಗದ ಕೇಳಿದ. ಡಾಕ್ಟರರಿಗೆ ಸರಕಾರದಲ್ಲೂ ಎಷ್ಟು ಮಾನ ಎಂದು ಅಣ್ಣಾರಾಯ ತಲೆದೂಗಿದ. ಮುಂದೆ ರೊಟ್ಟಿಯ ಬುಟ್ಟಿ ಹೊತ್ತ ಸುಮಿತ್ರಾಬಾಯಿ ಎಂಬ ಮುದುಕಿ ರಸ್ತೆಗೆ ಅಡ್ಡ ನಿಂತು ಗಾಡಿ ನಿಲ್ಲಿಸಿದಳು. ಯಾರು ಏನು ಎಂದು ಕೇಳದೆ ಬುಟ್ಟಿಯನ್ನು ಹಿಂದೆ ಇಟ್ಟು ತಾನೂ ಹತ್ತಿದಳು. ಕಿಟಕಿಯ ಕಡೆ ಬಗ್ಗಿ, ಬಸಣ್ಣ ಹದಿನಾಲ್ಕು ವರ್ಷ ತಮ್ಮ ರೊಟ್ಟಿ ಹೊತ್ತಿದ್ದಾನೆ, ತನ್ನ ಮಗಳ ಹೆರಿಗೆಯೂ ಇದೇ ಗಾಡಿಯಲ್ಲಿ ಆದದ್ದು ಎಂದು ಅಣ್ಣಾರಾಯನಿಗೆ ವರದಿ ಒಪ್ಪಿಸಿದಳು.

ಗುರುಶಾಂತ, ಎಲ್ಲ ಮುಗಿಯಿತು ಎಂದು ಬೀರೋಬಾನ ಫೋಟೊ ನೋಡಿದ. ಆದರೆ ಮಾವನ ಕಣ್ಣಲ್ಲಿ ನೀರಿತ್ತು.

"ಕಣ್ಣಿನ ಡಾಕ್ಟರ್ ಆಗಿ ರೊಟ್ಟಿ ಹೊತ್ತಾರ, ಹೆರಿಗಿ ಮಾಡಸ್ಯಾರ" ಎಂದ ಅಣ್ಣಾರಾಯ. "ಇಂಥ ದೇವರಂಥ ಮನಶ್ಯಾ ಈಗ ಎಲ್ಲಿ ಸಿಗತಾನ? ಗುರುಶಾಂತಪ್ಪಾ, ನನ್ನ ಎಡಗಣ್ಣ ಮಂಜ ಆಗೇದ. ಅವರಿಗೆ ಒಮ್ಮಿ ತೋರಸು."

ತೋರಿಸೋಣ ಎಂದ ಗುರುಶಾಂತ. ಹಿಂದೆ ಕನ್ನಡಿಯಲ್ಲಿ, ನಾಕಾದಿಂದ ಬಿಡಿಸಿಕೊಂಡು ಬಂದ ಲಕ್ಷ್ಮೀಕಾಂತನ ಗಾಡಿ ಕಾಣುತ್ತಿತ್ತು, ಅದಕ್ಕೆ ಒಬ್ಬನೂ ಕೈ ಎತ್ತುತ್ತಿರಲಿಲ್ಲ, ಅದು ಸುಖವಾಗಿತ್ತು. ಭಯ ಮತ್ತು ಸುಖ ಎರಡನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ಅವನು ಸೊಲ್ಲಾಪುರ ಮುಟ್ಟಿದ. ದಾರಿಯಲ್ಲಿ ಸುಮಿತ್ರಾಬಾಯಿಯನ್ನು ರೊಟ್ಟಿಯ ಅಂಗಡಿಯ ಮುಂದೆ ಇಳಿಸಿದ್ದೂ ಆಯಿತು.

ಕಾರ್ಯಾಲಯದ ಬಾಗಿಲಲ್ಲಿ ಹೆಣ್ಣಿನವರೆಲ್ಲ ಸಾಲಾಗಿ ನಿಂತಿದ್ದರು. ಗಂಟೆ ಬಾರಿಸುತ್ತ ಗಾಡಿ ಒಳಗೆ ಬಂದದ್ದೇ ತಡ, ಸಾಲಿನಿಂದ ಕೋಲೂರಿದ ಒಬ್ಬ ಮುದುಕ ಹೊರಬಿದ್ದು, ಬೀಗರ ಕಡೆ ನೋಡದೆ, ನೇರವಾಗಿ ಬಂದು ಕಂಬಳಿ ಸರಿಸಿ ಹಸಿರು ಬಾಗಿಲನ್ನು ಎರಡೂ ಕೈಯಿಂದ ಸವರತೊಡಗಿದ. ಅವನು ಹೆಣ್ಣಿನ ಸೋದರಮಾವ. ಹೆಣ್ಣು ನೋಡಲು ಹೋದಾಗ ಮೊಣಕಾಲಿನ ಆಪರೇಷನ್ ಆಗಿ ಮಲಗಿದ್ದನಾದ್ದರಿಂದ ವಾಗದರಿಯವರು ಯಾರೂ ಅವನನ್ನು ಕಂಡಿರಲಿಲ್ಲ. ಹಿಂದಿನಿಂದ ಯಾರೋ ಕರೆದರು: "ಬಸಣ್ಣ ಮಾಮಾ, ಮೊದಲ ಬೀಗರನ್ನ ಇಳಿಸ್ಕೋರಿ."

ಬಸಣ್ಣ ಎಂಬ ಹೆಸರು ಕಿವಿಗೆ ಬಿದ್ದದ್ದೇ ಅಣ್ಣಾರಾಯ ಪಟಗಾ ಸರಿಮಾಡಿಕೊಂಡು ಕೆಳಗಿಳಿದ. ಮುದುಕನ ಎರಡೂ ಕೈ ಹಿಡಿದು, ಡಾಕ್ಟರ್ ಸಾಹೇಬರೇ ಎಂದು ನಮಸ್ಕರಿಸಿ, ಅಲ್ಲೇ ಸೂರ್ಯನ ಕಡೆ ಮುಖ ಮಾಡಿ, ಬೆರಳಿನಿಂದ ಎಡಗಣ್ಣನ್ನು ಅಗಲಿಸಿ ತೋರಿಸಿದ.

ಬಸಣ್ಣ ಗಲಿಬಿಲಿಗೊಂಡ. ಬೀಗರು ಬಂದ ಕೂಡಲೇ ಕಣ್ಣು ಕಿಸಿಯುವುದು ವಾಗದರಿಯ ಪದ್ಧತಿಯೋ ಏನೋ ಎಂದು ಸುತ್ತಲೂ ನೋಡಿದ. ಮರ್ಯಾದೆಗೆ ಕಡಿಮೆಯಾಗಬಾರದಲ್ಲ, ಕಣ್ಣಿನೊಳಗೆ ಇಣುಕಿ ನೋಡಿದ. "ಧೂಳ ಬಿದ್ದಂಗ ಅದರಿ" ಎಂದು ಧೋತರದ ಚುಂಗನ್ನು ಬಾಯಿಯ ಬಿಸಿಗೆ ಕಾಸಿ, ಕಣ್ಣಿಗೆ ಒತ್ತಿ, ಎರಡು ಸಲ ಊದಿದ. ಈಗ ಬಹಳ ಹಗುರಾಯಿತು ಎಂದ ಅಣ್ಣಾರಾಯ.

ಅಲ್ಲಿಗೆ ಮುಗಿದಿದ್ದರೆ ಬಸಣ್ಣನ ವೈದ್ಯಕೀಯ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ನಾಕಾದಲ್ಲಿ ದಂಡ ಕಟ್ಟಿ ಬಂದ ಲಕ್ಷ್ಮೀಕಾಂತ ಹಿಂದೆ ನಿಂತಿದ್ದ. ಸಾಹೇಬರ ದವಾಖಾನೆ ಎಲ್ಲಿ ಎಂದು ವಿನಯದಿಂದ ಕೇಳಿದ. ಬಸಣ್ಣ ದವಾಖಾನೆ ಎಲ್ಲಿಯದು, ತಾನು ರೊಟ್ಟಿ ಹೊರುವವನು, ಇದೇ ತನ್ನ ಗಾಡಿಯಾಗಿತ್ತು, ಮೊಣಕಾಲು ಹೋದವೆಂದು ಮಕ್ಕಳು ಮಾರಿಬಿಟ್ಟರು ಎಂದ. ಹೇಳುತ್ತ ಹೇಳುತ್ತ ಒಳಗೆ ಬಗ್ಗಿ ಬೀರೋಬಾನ ಫೋಟೊ ಕಂಡು, ಅವನು ನಕ್ಕುಬಿಟ್ಟ.

"ನೀವೂ ಇಲ್ಲೇ ದೇವರನ್ನ ಕೂಡ್ರಸೀರೇನು? ನಾನೂ ಇದನ್ನ ಹಳೇದ ತಗೊಂಡಾಗ ಮೀಟರಿನ ಮ್ಯಾಲ ಮೈಲಾರಲಿಂಗನ್ನ ಕೂಡ್ರಸಿದ್ದೆ, ಮಾವನ ಮನಿಯವರು ನೋಡಬಾರದಂತ." ಕೈಮುಗಿದು ಫೋಟೊ ಎತ್ತಿದ. ಕೆಳಗೆ ಮೂರು ಲಕ್ಷ ತೊಂಬತ್ತು ಸಾವಿರ. "ಮೀಟರ ನಿಂತೇ ಐದು ವರ್ಷ ಆತು. ಮುಂದ ಓಡಿದ್ದು ದೇವರಿಗೇ ಗೊತ್ತು."

ಲಕ್ಷ್ಮೀಕಾಂತ ನಕ್ಕ. ಹೆಂಗಸರು ನಕ್ಕರು. ನಂದಾ ನಗಲಿಲ್ಲ, ಸೆರಗು ಬಾಯಿಗೆ ಹಿಡಿದು ಗಂಡನನ್ನೇ ನೋಡಿದಳು. ಗುರುಶಾಂತನಿಗೆ ಇನ್ನು ಹೇಳಲು ಸುಳ್ಳು ಉಳಿದಿರಲಿಲ್ಲ.

"ಮಾವಾರ, ತಪ್ಪಾತ್ರಿ" ಎಂದ. "ನಿಮ್ಮನ್ನ ಒಮ್ಮಿ ನನ್ನ ಗಾಡ್ಯಾಗ ಮುಂದ ಕೂಡ್ರಸಬೇಕಿತ್ತು. ಅಷ್ಟೇ."

ಅಣ್ಣಾರಾಯ ಲಕ್ಷ್ಮೀಕಾಂತನ ಕಡೆ ತಿರುಗಿ, ನಿನ್ನ ಗಾಡಿ ಎಷ್ಟು ಓಡಿದೆ ಎಂದು ಕೇಳಿದ. ಎಂಟು ಸಾವಿರ ಎಂದು ಅವನು ಎದೆ ಉಬ್ಬಿಸಿದ. "ಎಂಟು ಸಾವಿರದಾಗ ಒಬ್ಬರರ ಒಂದು ಕಪ್ ಚಹಾ ಕೊಟ್ಟಾರೇನು?" ಎಂದ ಅಣ್ಣಾರಾಯ. ಎದೆ ಇಳಿಯಿತು. ಆಮೇಲೆ ಮಾವ ಕನ್ನಡಿಯ ಕಡೆ ಬೆರಳು ಮಾಡಿದ.

"ತಪ್ಪು ಇಬ್ಬರದೂ ಅದ. ಬಸಣ್ಣ, ನೀವು ಗಂಟಿ ಬಿಚ್ಚಿಕೊಳ್ಳದೆ ಮಾರೀರಿ. ಇವಾ ಕುರಿಯವನಾಗಿ ಗಂಟಿ ಸಮೇತ ತಂದಾನ. ಅದಕ್ಕ ಗಾಡಿ ಇನ್ನೂ ನಿಮ್ಮ ದೊಡ್ಡಿ ಬಿಟ್ಟಿಲ್ಲ."

ಬಸಣ್ಣ, ಮಕ್ಕಳು ಮಾರುವ ದಿನ ತಾನು ಹಾಸಿಗೆಯಲ್ಲಿದ್ದೆ, ಬಿಚ್ಚಲು ಆಗಲಿಲ್ಲ ಎಂದ. ಒಳಗೆ ಕೈ ಹಾಕಿ ಗಂಟು ಬಿಚ್ಚತೊಡಗಿದ. ಹದಿನಾಲ್ಕು ವರ್ಷದ ಗಂಟು, ಬೇಗ ಬಿಡಲಿಲ್ಲ. ಬಿಟ್ಟ ಮೇಲೆ ಗಂಟೆಯನ್ನು ಒಂದು ಸಲವೂ ಬಾರಿಸದೆ, ನಾಲಗೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಜೇಬಿಗೆ ಹಾಕಿಕೊಂಡ. ಬಾಗಿಲನ್ನು ತಟ್ಟಿ, "ಇನ್ನ ಇವರ ಮಾತ ಕೇಳು" ಎಂದು ಗಾಡಿಗೆ ಹೇಳಿದ. ಅವನ ಕಣ್ಣು ತುಂಬಿದ್ದು ಕಂಡು ಗುರುಶಾಂತನಿಗೆ ನಾಚಿಕೆಯಾಯಿತು. ಹದಿನೈದು ದಿನ ಉರಿದ ಹೊಟ್ಟೆ ಆಗ ತಣ್ಣಗಾಯಿತು.

ಸಾಖರಪುಡಾ ಸಾಂಗವಾಗಿ ಮುಗಿಯಿತು. ಮರಳುವಾಗ ಅಣ್ಣಾರಾಯ ಯಾರ ಮುಖವನ್ನೂ ನೋಡದೆ ಹಸಿರು ಬಾಗಿಲು ತೆಗೆದು ಹತ್ತಿದ. ಗಂಟೆ ಇರಲಿಲ್ಲ, ಕಂಬಳಿ ಮತ್ತೆ ಬಾಗಿಲ ಮೇಲೆ ಇಳಿಬಿದ್ದಿತ್ತು. ವಳಸಂಗ ದಾಟಿತು, ನಾಕಾ ದಾಟಿತು, ಒಂದು ಕೈಯೂ ಮೇಲೇಳಲಿಲ್ಲ. ಗುರುಶಾಂತನಿಗೆ ತಾನು ಕೊಂಡದ್ದು ಕಬ್ಬಿಣ ಮಾತ್ರ ಎಂದು ಅನ್ನಿಸತೊಡಗಿತು. ಕಲ್ಲಣ್ಣನ ಹೋಟೆಲು ಬಂದಾಗ ಕಲ್ಲಣ್ಣ ತಲೆ ಎತ್ತಿ ಕೂಡ ನೋಡಲಿಲ್ಲ. ನಿಲ್ಲಿಸು ಎಂದ ಅಣ್ಣಾರಾಯ. ಕಂಬಳಿಯನ್ನು ಎಳೆದು ಮಡಿಲಿಗೆ ಹಾಕಿಕೊಂಡು, ಹಸಿರು ಬಾಗಿಲಿನ ಮೇಲೆ ಅಂಗೈಯಿಂದ ಬಡಿದು ಕಲ್ಲಣ್ಣನನ್ನು ಕರೆದ.

"ಇದು ನಮ್ಮ ಹಿರೇ ಅಳಿಯನ ಗಾಡಿ. ನಾಗಣಸೂರ ಗುರುಶಾಂತ. ಛಂದಾಗಿ ನೋಡಿ ಇಟ್ಟಕೋ."

ಕಲ್ಲಣ್ಣ ಗುರುಶಾಂತನ ಮುಖವನ್ನು ಮೊದಲನೆಯ ಸಲ ಸರಿಯಾಗಿ ನೋಡಿದ. ಎರಡು ಚಹಾ ತಂದುಕೊಟ್ಟ. ಈ ಸಲ ಇಪ್ಪತ್ತು ರೂಪಾಯಿ ಇಸಿದುಕೊಂಡ. ದುಡ್ಡು ಕೊಡುವಾಗ ಗುರುಶಾಂತನಿಗೆ ಆದಷ್ಟು ಸಂತೋಷ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಕಥೆ ಇಲ್ಲಿಗೆ ಮುಗಿದರೆ ಅವನಿಗೂ ಒಳ್ಳೆಯದಿತ್ತು. ಎಂಟು ದಿನ ಅವನು ಸುಮಿತ್ರಾಬಾಯಿಯ ರೊಟ್ಟಿ ಹೊತ್ತ, ಯಾರ ಮೇಲೂ ಸಿಟ್ಟಿಲ್ಲದೆ ಉಂಡ, ನಿದ್ದೆ ಮಾಡಿದ. ಒಂಬತ್ತನೆಯ ದಿನ ಅಕ್ಕಲಕೋಟದಿಂದ ಮರಳಿದವನು ತಾಟಿನ ಮುಂದೆ ಕೂತು ರೊಟ್ಟಿ ಮುರಿಯಲೇ ಇಲ್ಲ. ಏನಾಯಿತೆಂದು ನಂದಾ ಮೂರು ಸಲ ಕೇಳಿದ ಮೇಲೆ ಬಾಯಿ ಬಿಟ್ಟ. ಲಕ್ಷ್ಮೀಕಾಂತ ತನ್ನ ಹೊಸ ಗಾಡಿಯ ಎಡಗಡೆಯ ಬಾಗಿಲಿಗೆ ಗಿಳಿಹಸಿರು ಬಣ್ಣ ಹೊಡೆಸಿ, ಕನ್ನಡಿಗೆ ಗಂಟೆ ಕಟ್ಟಿ, ಸೊಲ್ಲಾಪುರದ ರಸ್ತೆಯ ಮೇಲೆ ಎತ್ತಿನ ಗಾಡಿಯ ಹಾಗೆ ನಿಧಾನಕ್ಕೆ ತಿರುಗುತ್ತಿದ್ದಾನೆ, ಯಾರಾದರೂ ಕೈ ಎತ್ತುತ್ತಾರೇನೋ ಎಂದು.

ನಂದಾ ನಕ್ಕಳು. ಇಷ್ಟು ದಿನ ನೀವು ಉರಿದಿರಿ, ಈಗ ಅವನ ಪಾಳಿ, ಖುಷಿಯಿಂದ ಉಣ್ಣಿರಿ ಎಂದಳು.

ಗುರುಶಾಂತ ತಾಟು ಸರಿಸಿದ.

"ಹ್ಯಾಂಗ ಉಣ್ಣಲಿ?" ಎಂದ. "ಅವನ ಹಸರು ನಮ್ಮದಕ್ಕಿಂತ ಭಾಳ ಹೊಳೀತದ."